ಶಿರಸಿಗೆ ಮೊದಲ ಸಲ ಹೋಗುವವರಿಗೆ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ಸಹೋದ್ಯೋಗಿಯ ಮದುವೆಗೋ ಗೆಳತಿಯ ಮನೆಯ ಕಾರ್ಯಕ್ಕೋ ಶಿರಸಿ ಕಡೆ ಮೊದಲ ಸಲ ಹೊರಟವರು. ಯಾಣ, ಬನವಾಸಿ, ಸಹಸ್ರಲಿಂಗ ಎಲ್ಲವೂ ಈಗಾಗಲೇ ನಿಮ್ಮ ಮೊಬೈಲಿನಲ್ಲಿವೆ. ಅವುಗಳ ವರ್ಣನೆ ನನ್ನಿಂದ ಬೇಡ. ಊರು ನಿಮ್ಮನ್ನು ಹೇಗೆ ಬರಮಾಡಿಕೊಳ್ಳುತ್ತದೆ, ಆ ಹೊತ್ತಿನಲ್ಲಿ ಪೇಟೆಯವರು ಎಲ್ಲೆಲ್ಲಿ ಎಡವುತ್ತಾರೆ ಅನ್ನುವುದನ್ನಷ್ಟೇ ಮಾತಾಡೋಣ.

ಮೊದಲು ಹೋಗುವ ದಾರಿ. ಬೆಂಗಳೂರಿನಿಂದ ಶಿರಸಿ ಸುಮಾರು 400 ಕಿ.ಮೀ. ಊರಿಗೆ ರೈಲಿಲ್ಲ. ರೈಲೇ ಬೇಕೆಂದರೆ ತಾಳಗುಪ್ಪದಲ್ಲಿಯೋ ಹಾವೇರಿಯಲ್ಲಿಯೋ ಇಳಿದು ಬಸ್ ಹತ್ತಬೇಕು. ರಾತ್ರಿ ಬಸ್ಸೇ ಸುಲಭ, ಬೆಳಕು ಹರಿಯುವ ಹೊತ್ತಿಗೆ ಇಳಿಸುತ್ತದೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಮಾತ್ರ, ಸ್ಲೀಪರ್‌ಗೆ ಇಲ್ಲ. ಶಿರಸಿಯಲ್ಲಿ ಹಳೇ ಬಸ್‌ಸ್ಟ್ಯಾಂಡ್, ಹೊಸ ಬಸ್‌ಸ್ಟ್ಯಾಂಡ್ ಅಂತ ಎರಡಿವೆ. ಕರೆದುಕೊಂಡು ಹೋಗಲು ಬರುವವರಿಗೆ ಯಾವುದರಲ್ಲಿ ಇಳಿಯುತ್ತೀರಿ ಎಂದು ಹಿಂದಿನ ದಿನವೇ ಹೇಳಿಬಿಡಿ. ಬೆಳಗಿನ ಜಾವ ಒಬ್ಬರು ಅಲ್ಲಿ, ಇನ್ನೊಬ್ಬರು ಇಲ್ಲಿ ಕಾಯುವುದು ಬಹಳ ಹಳೆಯ ಪದ್ಧತಿ.

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2022, 2024 ಹೀಗೆ ಸಮಸಂಖ್ಯೆಯ ವರ್ಷಗಳಲ್ಲಿ, ಫೆಬ್ರವರಿ-ಮಾರ್ಚ್ ಹೊತ್ತಿಗೆ. ಆಗ ದೇವಿ ದೇವಸ್ಥಾನ ಬಿಟ್ಟು ಬಿಡ್ಕಿಬೈಲಿನ ಗದ್ದುಗೆಗೆ ಬರುತ್ತಾಳೆ. ಊರಲ್ಲಿ ರೂಮು ಸಿಗುವುದಿಲ್ಲ, ನೆಂಟರ ಮನೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜಾತ್ರೆ ಮುಗಿದ ಮೇಲೆ ಯುಗಾದಿಯವರೆಗೆ ದೇವಸ್ಥಾನದ ಬಾಗಿಲು ಮುಚ್ಚಿರುತ್ತದೆ. ಗದ್ದಲ ಮುಗಿಯಲಿ, ಆಮೇಲೆ ಆರಾಮಾಗಿ ದರ್ಶನ ಮಾಡೋಣ ಎಂದು ಲೆಕ್ಕ ಹಾಕಿ ಬಂದವರು ಮುಚ್ಚಿದ ಬಾಗಿಲಿಗೆ ಕೈಮುಗಿದು ಹೋಗುತ್ತಾರೆ.

ಇನ್ನು ಮುಖ್ಯ ವಿಷಯ. ಬಸ್ಸಿಳಿದು ಚಹಾ ಕುಡಿಯುವಾಗಲೇ ಪಕ್ಕದವರು ಕೇಳುತ್ತಾರೆ: 'ಯಾವೂರಾಯ್ತು?' ನೀವು 'ಬೆಂಗಳೂರು' ಅಂದರೆ ಅದು ಉತ್ತರವಲ್ಲ. ಬೆಂಗಳೂರಲ್ಲಿ ಎಲ್ಲರೂ ಇದ್ದಾರೆ, ಅವರ ಮಗನೂ ಅಲ್ಲೇ ಇದ್ದಾನೆ. ಮುಂದಿನ ಪ್ರಶ್ನೆ 'ಇಲ್ಲಿ ಯಾರ ಮನೆಗೆ?', ಅದರ ಮುಂದಿನದು 'ಯಾರ ಪೈಕಿ?' ಪೇಟೆಯ ಕಿವಿಗೆ ಇದು ತನಿಖೆಯಂತೆ ಕೇಳಿಸುತ್ತದೆ. ಆದರೆ ವಿಳಾಸ ಹುಡುಕುವುದೇ ಅಲ್ಲಿ ಹೀಗೆ. ಒಂದು ಹಳ್ಳಿಯಲ್ಲಿ ಹತ್ತು ಮನೆ ಹೆಗಡೆಯವರದಾದರೆ 'ಹೆಗಡೆಯವರ ಮನೆ' ಎಂದು ಕೇಳಿ ಏನೂ ಗಿಟ್ಟುವುದಿಲ್ಲ. ಊರು, ಕೇರಿ, ಮನೆಯ ಹಿರಿಯರ ಹೆಸರು, ಈ ಮೂರು ಬೇಕು. ಮೂರನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ನಿಮ್ಮ ಗೆಳೆಯನ ಹೆಸರು ಬೆಂಗಳೂರಲ್ಲಿ ಎಷ್ಟೇ ದೊಡ್ಡದಿರಲಿ, ಅಲ್ಲಿ ಅವನು ಅಪ್ಪನ ಹೆಸರಿನಿಂದಲೇ ಪತ್ತೆಯಾಗುವುದು. ಇಷ್ಟು ಹೇಳಿದರೆ ಕಂಡಕ್ಟರ್ ಸರಿಯಾದ ಕ್ರಾಸಿನಲ್ಲಿ ಇಳಿಸುತ್ತಾರೆ, ಅಂಗಡಿಯವರು ಫೋನ್ ಮಾಡಿ 'ನಿಮ್ಮನೆಗೆ ನೆಂಟ್ರು ಬಂದಿದ್ದಾರೆ' ಎಂದು ಸುದ್ದಿ ಮುಟ್ಟಿಸುತ್ತಾರೆ.

ಆ 'ಪೈಕಿ'ಯಲ್ಲಿ ಜಾತಿ ತಿಳಿದುಕೊಳ್ಳುವ ಎಳೆಯೂ ಇದೆ, ಇಲ್ಲ ಅನ್ನಲಾಗದು. ಅದು ಇಷ್ಟವಾಗದಿದ್ದರೆ 'ಇಂಥವರ ಮಗನ ಜೊತೆ ಕೆಲಸ ಮಾಡ್ತೇನೆ' ಎಂದು ಸ್ನೇಹದ ಕೊಂಡಿ ಹೇಳಿ ನಿಲ್ಲಿಸಿ, ಸಾಕು. ಸಿಡುಕಿದರೆ ಮಾತ್ರ ಮಾತು ಅಲ್ಲಿಗೇ ಮುಗಿಯುತ್ತದೆ, ಸಹಾಯವೂ ಅದರ ಜೊತೆಗೇ.

ಪೇಟೆಯಿಂದ ಹಳ್ಳಿಗೆ ಹೋಗುವ ಬಸ್ಸಿನಲ್ಲಿ ಒಂದು ಮಾತು ಗೊತ್ತಿರಬೇಕು: ವಸ್ತಿ ಬಸ್. ಸಂಜೆ ಶಿರಸಿ ಬಿಟ್ಟು ಹಳ್ಳಿಯಲ್ಲೇ ರಾತ್ರಿ ತಂಗಿ ಬೆಳಿಗ್ಗೆ ವಾಪಸ್ ಬರುವ ಬಸ್ಸು ಅದು. 'ಹೋಗಿ ಮಾತಾಡಿಸಿಕೊಂಡು ಇದೇ ಬಸ್ಸಿಗೆ ಬರ್ತೇನೆ' ಅಂದುಕೊಂಡು ಹತ್ತಿದರೆ ನಿಮಗೂ ಅಲ್ಲೇ ವಸ್ತಿ. ಸ್ವಂತ ಕಾರಿನವರಿಗೆ ಬೇರೆ ಕಷ್ಟ. ಮ್ಯಾಪಿನಲ್ಲಿ ರಸ್ತೆಯಂತೆ ಕಾಣುವುದು ಎಷ್ಟೋ ಕಡೆ ತೋಟಕ್ಕೆ ಇಳಿಯುವ ದಾರಿ, ಕೊನೆಯಲ್ಲಿ ಕಾರು ತಿರುಗಿಸಲು ಜಾಗವಿರುವುದಿಲ್ಲ. ಕಣಿವೆಗೆ ಇಳಿದ ಮೇಲೆ ಸಿಗ್ನಲ್ ಕೂಡ ಹೋಗುತ್ತದೆ. ಮುಖ್ಯರಸ್ತೆ ಬಿಡುವ ಮುಂಚೆಯೇ ಮನೆಯವರಿಗೆ ಫೋನ್ ಮಾಡಿ ದಾರಿ ಕೇಳಿಕೊಳ್ಳಿ.

ಮನೆ ಹತ್ತಿರ ಬಂದಾಗ ಬೇಲಿಯಲ್ಲಿ ದಣಪೆ ಸಿಗುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡು ಕಡೆ ತೂತು ಕೊರೆದ ಎರಡು ಕಂಬ, ಆ ತೂತುಗಳಲ್ಲಿ ಅಡ್ಡಲಾಗಿ ಮೂರೋ ನಾಲ್ಕೋ ಬಿದಿರಿನ ಗಳ. ಗಳವನ್ನು ಒಂದು ಪಕ್ಕಕ್ಕೆ ಸರಿಸಿದರೆ ಇನ್ನೊಂದು ತುದಿ ಕಂಬದಿಂದ ಹೊರಬರುತ್ತದೆ. ನಡೆದು ಹೋಗುವವರು ಮೇಲಿನ ಎರಡನ್ನು ಸರಿಸಿ ಕೆಳಗಿನವನ್ನು ದಾಟಿದರೆ ಆಯಿತು, ಎಲ್ಲವನ್ನೂ ಕಿತ್ತು ನೆಲಕ್ಕೆ ಹಾಕಬೇಕಿಲ್ಲ. ದಾಟಿದ ಮೇಲೆ ಅಷ್ಟೂ ಗಳವನ್ನು ಮತ್ತೆ ತೂರಿಸಬೇಕು. 'ಐದು ನಿಮಿಷದಲ್ಲಿ ವಾಪಸ್ ಬರ್ತೀವಲ್ಲ' ಎಂದು ತೆರೆದಿಟ್ಟರೆ ಆ ಐದು ನಿಮಿಷ ದನಕ್ಕೆ ಧಾರಾಳ. ಅದು ನೇರ ಹೋಗುವುದು ಎಳೆ ಅಡಿಕೆ ಸಸಿಗೆ. ಸುಳಿ ತಿಂದರೆ ಆ ಸಸಿಯ ಕತೆ ಮುಗಿದಂತೆ. ಯಾರೂ ನಿಮಗೆ ಬೈಯುವುದಿಲ್ಲ. 'ಅಡ್ಡಿಲ್ಲೆ' ಅನ್ನುತ್ತಾರೆ.

ಈ 'ಅಡ್ಡಿಲ್ಲೆ' ಹವ್ಯಕರ ಮಾತಿನ ಪದ. 'ತೊಂದರೆಯಿಲ್ಲ', 'ಆಗಬಹುದು', 'ಚೆನ್ನಾಗಿದೆ' ಮೂರಕ್ಕೂ ಇದೇ. ಅಡುಗೆ ಅಡ್ಡಿಲ್ಲೆ ಅಂದರೆ ಹೊಗಳಿಕೆ. ಯಾವ ಅರ್ಥ ಎನ್ನುವುದನ್ನು ಮುಖ ನೋಡಿ ತಿಳಿಯಬೇಕು. ಕಿರಿಯರಾದರೆ ನಿಮ್ಮನ್ನು 'ತಮಾ', 'ತಂಗಿ' ಅನ್ನುತ್ತಾರೆ. ನೀವು ಹಿರಿಯರನ್ನು 'ಅಂಕಲ್' ಅನ್ನುವ ಬದಲು 'ಹೆಗಡೇರೇ', 'ಭಟ್ರೇ', 'ನಾಯ್ಕರೇ', 'ಗೌಡ್ರೇ' ಅನ್ನಿ. ಆದರೆ ಹೆಸರು ಖಾತ್ರಿ ಮಾಡಿಕೊಂಡು. ಶಿರಸಿಯೆಂದರೆ ಹವ್ಯಕರು ಮಾತ್ರ ಎಂಬ ಭ್ರಮೆ ಬೆಂಗಳೂರಲ್ಲಿ ಗಟ್ಟಿಯಾಗಿದೆ, ಅದನ್ನು ಬಸ್ಸಿನಲ್ಲೇ ಇಳಿಸಿ ಬನ್ನಿ.

ಅಂಗಳ ಪಾರ್ಕಿಂಗ್ ಅಲ್ಲ. ನವೆಂಬರಿನಿಂದ ಬೇಸಿಗೆಯ ತನಕ ಅಲ್ಲಿ ಅಡಿಕೆ ಒಣಗುತ್ತಿರುತ್ತದೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ 40 ದಿನಕ್ಕೂ ಹೆಚ್ಚು ಬಿಸಿಲಿಗೆ ಹಾಕಿ ಆಮೇಲೆ ಸುಲಿದರೆ ಚಾಲಿ. ಬಲಿತ ಹಸಿರು ಕಾಯಿಯನ್ನೇ ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಿಕೆ, ಮಾರುಕಟ್ಟೆಯಲ್ಲಿ ಅದರ ಒಂದು ಬಗೆಯೇ ರಾಶಿ. ಬೇಯಿಸುವ ನೀರಿಗೆ ಬೆರೆಸುವ, ಬಣ್ಣ ಕೊಡುವ ದಪ್ಪ ರಸ ಚೊಗರು. ಹಂಡೆಯ ಹತ್ತಿರ ಫೋಟೊ ತೆಗೆಯಲು ಬಗ್ಗಿದಾಗ ಅದು ಬಿಳಿ ಅಂಗಿಗೆ ಸಿಡಿದರೆ ಯಾವ ಸೋಪಿಗೂ ಹೋಗುವುದಿಲ್ಲ. ಒಣ ಹಾಕಿದ ಅಡಿಕೆಯ ಮೇಲೆ ಚಕ್ರ ಹತ್ತಿದರೆ ಒಡೆದು ಚೂರಾಗುತ್ತದೆ, ಚೂರಿಗೆ ಧಾರಣೆ ಕಡಿಮೆ. ಇದ್ದಕ್ಕಿದ್ದಂತೆ ಮೋಡ ಕವಿದು ಮನೆಮಂದಿಯೆಲ್ಲ ಅಂಗಳಕ್ಕೆ ಓಡಿದರೆ ನೀವೂ ಓಡಿ, ಗೋರೆ ಹಿಡಿದು ಅಡಿಕೆ ಒಟ್ಟು ಮಾಡಿ. ನೀವು ಒಯ್ದ ಯಾವ ಉಡುಗೊರೆಗೂ ಇಷ್ಟು ಬೆಲೆ ಬರುವುದಿಲ್ಲ.

ಉಡುಗೊರೆ ಅಂದೆ. ಬಾಳೆಹಣ್ಣು, ತೆಂಗಿನಕಾಯಿ ಒಯ್ಯಬೇಡಿ, ಹಿತ್ತಲಲ್ಲೇ ಇವೆ. ದ್ರಾಕ್ಷಿ, ಕಿತ್ತಳೆ, ಸೇಬು ಒಳ್ಳೆಯದು. ಮಡಿಯ ಅಜ್ಜಿಯೂ ಮುಟ್ಟುತ್ತಾರೆ. ಬೇಕರಿಯ ಕೇಕ್ ಮಕ್ಕಳಿಗೆ ಮಾತ್ರ.

ಒಳಗೆ ಬಂದು ಕೈಕಾಲು ತೊಳೆದ ಕೂಡಲೇ 'ಆಸ್ರಿಗೆ ಎಂತ ಆಗ್ಬಹುದು?' ಅನ್ನುತ್ತಾರೆ. ಆಸ್ರಿಗೆ ಅಂದರೆ ಬಾಯಾರಿಕೆಗೆ ಕೊಡುವುದು. ಮಜ್ಜಿಗೆ, ಮುರುಗಲು ಶರಬತ್ತು, ಕೊತ್ತಂಬರಿ-ಜೀರಿಗೆ-ಕಾಳುಮೆಣಸಿನ ಪುಡಿಗೆ ಬೆಲ್ಲ ಹಾಲು ಹಾಕಿದ ಕಷಾಯ, ಚಹಾ. ಪೇಟೆಯವರ ಮಾಮೂಲು ತಪ್ಪು 'ಏನೂ ಬೇಡ, ತೊಂದರೆ ತಗೋಬೇಡಿ' ಅನ್ನುವುದು. ಅದು ಸೌಜನ್ಯ ಅಂತ ನೀವು ಅಂದುಕೊಂಡಿರುತ್ತೀರಿ. ಅವರಿಗೆ ಅದು 'ಕೂರುವುದಿಲ್ಲ' ಎಂದಂತೆ. ಇನ್ನೊಂದು ತಪ್ಪು 'ಏನಾದ್ರೂ ಆಗತ್ತೆ'. ಆಗ ಒಳಗೆ ಮೂರು ಬಗೆ ತಯಾರಾಗಿ ಮೂರನ್ನೂ ನೀವೇ ಕುಡಿಯಬೇಕಾಗುತ್ತದೆ. ಒಂದರ ಹೆಸರು ಹೇಳಿ, 'ಅರ್ಧ ಲೋಟ' ಅನ್ನಿ. ಮುಕ್ಕಾಲು ಬರುತ್ತದೆ.

ಊಟದಲ್ಲೂ ಇದೇ ಲೆಕ್ಕ. ಬಾಳೆಯ ಕುಡಿ ನಿಮ್ಮ ಎಡಕ್ಕೆ. ಮೊದಲ ಅನ್ನಕ್ಕೆ ತಂಬುಳಿ ಬಡಿಸುತ್ತಾರೆ: ಒಂದೆಲಗವನ್ನೋ ಇನ್ನಾವುದೋ ಸೊಪ್ಪನ್ನೋ ಜೀರಿಗೆ, ಮೆಣಸು, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಕಲಸಿದ್ದು, ತಣ್ಣಗೆ. ಅದರ ರುಚಿಗೆ ಸೋತು ಆಗಲೇ ಎರಡು ಸಲ ಅನ್ನ ಹಾಕಿಸಿಕೊಂಡರೆ ಮುಂದೆ ಸಾರು, ಹುಳಿ, ಸಿಹಿ, ಅಪ್ಪೆಹುಳಿ ಸಾಲಾಗಿ ಕಾದಿವೆ. ಅಪ್ಪೆಹುಳಿ ಹುಳಿ-ಖಾರದ ತೆಳ್ಳನೆ ನೀರು, ಅನ್ನಕ್ಕಿಂತ ಲೋಟದಲ್ಲಿ ಕುಡಿಯುವುದಕ್ಕೇ ಚೆಂದ. ಬಡಿಸುವವರಿಗೆ 'ಸಾಕು' ಎಂದರೆ ಕೇಳಿಸುವುದಿಲ್ಲ. ಮೊದಲ 'ಸಾಕು' ಮರ್ಯಾದೆಗೆ ಹೇಳಿದ್ದು ಎಂದೇ ಅಲ್ಲಿಯ ತಿಳಿವಳಿಕೆ. ನಿಜವಾಗಿ ಸಾಕಾದಾಗ ಬಾಳೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯಿರಿ, ಅಥವಾ 'ಮಜ್ಜಿಗೆಗೆ ಒಂಚೂರು ಅನ್ನ' ಅಂತ ನೀವೇ ಕೇಳಿ. ಮಜ್ಜಿಗೆಗೆ ಬಂದರು ಅಂದರೆ ಊಟ ಮುಗಿಯಿತು, ಇನ್ನು ಒತ್ತಾಯವಿಲ್ಲ.

ಊಟವಾದ ಮೇಲೆ ಕವಳದ ತಟ್ಟೆ ಬರುತ್ತದೆ. ಎಲೆ, ಅಡಿಕೆ, ಸುಣ್ಣ, ಕೆಲವರಿಗೆ ತಂಬಾಕು. ರೂಢಿಯಿಲ್ಲದವರು ಹಸಿ ಅಡಿಕೆ ಹಾಕಿಕೊಂಡರೆ ಸೊಕ್ಕುತ್ತದೆ: ಕಿವಿ ಬಿಸಿಯಾಗಿ, ಹಣೆ ಬೆವರಿ, ತಲೆ ಗಿರ್ರೆನ್ನುತ್ತದೆ. ಸುಣ್ಣ ಹೆಚ್ಚಾದರೆ ನಾಲಿಗೆ, ಕೆನ್ನೆಯ ಒಳಗೆಲ್ಲ ಸುಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಆ ಕಾರಣಕ್ಕೇ ಬೇಡ ಎನ್ನಬಹುದು. ಆದರೆ ಆ ಮನೆ ನಿಂತಿರುವುದೇ ಅಡಿಕೆಯ ಮೇಲೆ. 1923ರಲ್ಲಿ ಬೆಳೆಗಾರರು ಸೇರಿ ಟಿಎಸ್ಎಸ್ ಎಂಬ ಸಹಕಾರಿ ಮಾರಾಟ ಸಂಘ ಕಟ್ಟಿದ್ದೂ ಈ ಬೆಳೆಗೆ ಸರಿಯಾದ ಧಾರಣೆ ಸಿಗಲೆಂದು. ಉಪನ್ಯಾಸ ಬೇಡ, 'ಅಭ್ಯಾಸ ಇಲ್ಲ' ಅಂದರೆ ಯಾರೂ ಒತ್ತಾಯಿಸುವುದಿಲ್ಲ. ಊಟಕ್ಕೆ ಒತ್ತಾಯ ಉಂಟು, ಕವಳಕ್ಕಿಲ್ಲ.

ದುಡ್ಡಿನ ವಿಷಯ ಚಿಕ್ಕದು. ಹೋಮ್‌ಸ್ಟೇ ಆದರೆ ಬರುವ ಮೊದಲೇ ದರ ಕೇಳಿ, ಹೊರಡುವಾಗ ಪೂರ್ತಿ ಕೊಡಿ. ಸ್ನೇಹಿತರ ಮನೆಯಾದರೆ ಹಣದ ಮಾತೇ ಎತ್ತಬೇಡಿ.

ತೋಟ, ಕಾಡು ಸುತ್ತುವವರಿಗೆ ಮೂರು ಎಚ್ಚರಿಕೆ. ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ. ಕಚ್ಚಿದ್ದನ್ನು ಜಗ್ಗಿ ಕೀಳಬೇಡಿ. ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ತಾನೇ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಗಾಯಕ್ಕೆ ಬಿಟ್ಟಿರುವುದರಿಂದ ಬಹಳ ಹೊತ್ತು ಸೋರುತ್ತದೆ, ಗಾಬರಿ ಬೇಡ, ಒತ್ತಿ ಹಿಡಿಯಿರಿ. ಎರಡನೆಯದು ಸಂಕ. ಹಳ್ಳದ ಮೇಲೆ ಅಡಿಕೆ ದಬ್ಬೆ ಹಾಸಿದ ಈ ಕಾಲುಸೇತುವೆ ಪಾಚಿಗಟ್ಟಿರುತ್ತದೆ. ಬೂಟು ಕಳಚಿ, ಒಬ್ಬೊಬ್ಬರಾಗಿ ದಾಟಿ.

ಮೂರನೆಯದು ಉಂಬಳದಂತೆ ತಮಾಷೆಯದಲ್ಲ. ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ ಇದು, ಸಿದ್ದಾಪುರ ಭಾಗದಲ್ಲೂ ಕಾಣಿಸಿಕೊಂಡಿದೆ. ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆ ಹುಳುವಿನಿಂದ. ಮಂಗ ಸತ್ತ ಜಾಗಕ್ಕೆ ಹೋಗಬೇಡಿ ಎಂದು ಊರವರು ಹೇಳಿದರೆ ಕೇಳಿ. ತರಗೆಲೆಯ ಮೇಲೆ ಕೂರಬೇಡಿ, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ತೂರಿಸಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಉಣುಗು ದೂರವಿಡುವ ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಬೆಂಗಳೂರಿಗೆ ಮರಳಿ ಹತ್ತು ದಿನದೊಳಗೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಮೊದಲು ಹೇಳಿ. ಇಲ್ಲದಿದ್ದರೆ ಅವರು ಡೆಂಗಿಯನ್ನೇ ಹುಡುಕುತ್ತಿರುತ್ತಾರೆ.

ಇನ್ನು ಹೊರಡುವುದು. ನೀವು ತಂದ ಚೀಲಕ್ಕಿಂತ ವಾಪಸ್ ಒಯ್ಯುವ ಚೀಲ ದೊಡ್ಡದಾಗುತ್ತದೆ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಆಲೆಮನೆಯ ಕಾಲವಾದರೆ ಜೋನಿಬೆಲ್ಲ. ಜೋನಿಬೆಲ್ಲದ ಡಬ್ಬಿ ನೆಟ್ಟಗೇ ನಿಲ್ಲಬೇಕು, ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಕಾಲ ಬಳಿ ಇಟ್ಟುಕೊಳ್ಳಿ. ತೊಡೆದೇವು ಕೊಟ್ಟರೆ ಇನ್ನೂ ಜೋಪಾನ. ಬೋರಲು ಹಾಕಿದ ಮಣ್ಣಿನ ಗಡಿಗೆಯನ್ನು ಕಾಯಿಸಿ, ಅಕ್ಕಿಹಿಟ್ಟು ಕಲಸಿದ ಕಬ್ಬಿನಹಾಲನ್ನು ಬಟ್ಟೆ ಸುತ್ತಿದ ಕೋಲಿನಿಂದ ತೆಳ್ಳಗೆ ಬಳಿದು, ಬಿಸಿಯಿರುವಾಗಲೇ ಎಬ್ಬಿಸಿ ಮಡಚಿದ್ದು ಅದು. ಕಾಗದದಷ್ಟು ತೆಳು. ಒತ್ತಿದರೆ ಪುಡಿಯಾಗುತ್ತದೆ, ಗಾಳಿಯಾಡಿದರೆ ಮೆತ್ತಗಾಗುತ್ತದೆ. ಅಗಲ ಬಾಯಿಯ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯೊಂದನ್ನು ಬೆಂಗಳೂರಿನಿಂದಲೇ ಒಯ್ದಿರಿ.

'ಹೋಗಿ ಬರ್ತೇವೆ' ಅಂದ ತಕ್ಷಣ ಹೊರಟೆವು ಅಂತಲ್ಲ. ಆಮೇಲೆ ಇನ್ನೊಮ್ಮೆ ಆಸ್ರಿಗೆ, ಹೆಂಗಸರಿಗೆ ಅರಿಶಿನ ಕುಂಕುಮ, ಅಜ್ಜಿಗೆ ನಮಸ್ಕಾರ, 'ಅಯ್ಯೋ ಬಾಳೆಕಾಯಿ ಕಟ್ಟಿಡೋದೇ ಮರೆತೆ' ಎಂದು ಹಿತ್ತಲಿಗೆ ಹೋಗುವವರು, ಅಂಗಳದಲ್ಲಿ ನಿಂತು ಒಂದು ಸುತ್ತು ಮಾತು, ದಣಪೆಯ ಹತ್ತಿರ ಇನ್ನೊಂದು ಸುತ್ತು. ಬಸ್ಸು ಕ್ರಾಸಿಗೆ ಐದೂವರೆಗೆ ಬರುವುದಾದರೆ ಮಾತು ಶುರು ಮಾಡಬೇಕಾದದ್ದು ನಾಲ್ಕೂವರೆಗೆ. ಬೆಂಗಳೂರು ಮುಟ್ಟಿದ ಮೇಲೆ ಅವರ ಲ್ಯಾಂಡ್‌ಲೈನಿಗೆ ಒಂದು ಫೋನ್ ಮಾಡಿ. ಮೆಸೇಜ್ ಹಾಕಿದರೆ ಯಾರಾದರೂ ಸಿಗ್ನಲ್ ಸಿಗುವ ಗುಡ್ಡ ಹತ್ತಿದಾಗಲೇ ಅವರಿಗೆ ಮುಟ್ಟುವುದು.