ಕೋಟೆ ಕೆಡವಿ ಬೆಳೆಸಿದ ತೋಟ: ಉಟ್ರೆಕ್ಟಿನ ಹಸಿರು ಸುತ್ತು

ಎಲ್ಲರಿಗೂ ನಮಸ್ಕಾರ.

ಬೇಸಿಗೆ ಹತ್ತಿರವಾದಂತೆ ನೆದರ್ಲೆಂಡ್ಸ್‌ನ ಕನ್ನಡಿಗರ ಮನೆಗಳಲ್ಲಿ ಒಂದು ಪ್ರಶ್ನೆ ಶುರುವಾಗುತ್ತದೆ. ಊರಿಂದ ಅಪ್ಪ ಅಮ್ಮ ಬರ್ತಾರೆ, ಎಲ್ಲಿಗೆ ಕರ್ಕೊಂಡು ಹೋಗೋಣ? ಕ್ಯೂಕೆನ್‌ಹಾಫ್‌ನ ಟುಲಿಪ್ ತೋಟ ಮೇ ಮಧ್ಯಕ್ಕೇ ಬಾಗಿಲು ಹಾಕಿರುತ್ತದೆ. ಆಮ್‌ಸ್ಟರ್‌ಡ್ಯಾಮಿನ ಜನಜಂಗುಳಿಯಲ್ಲಿ ಹಿರಿಯರಿಗೆ ಕೂರಲು ಜಾಗ ಸಿಗುವುದಿಲ್ಲ. ನನ್ನ ಉತ್ತರ ಉಟ್ರೆಕ್ಟ್. ಅಲ್ಲಿಯ ಹಸಿರು ಹೇಗೆ ಬಂತೆಂದು ಗೊತ್ತಿದ್ದರೆ ಆ ನಡಿಗೆಯ ರುಚಿಯೇ ಬೇರೆ. ಇವತ್ತು ಅದನ್ನೇ ಹೇಳಹೊರಟಿದ್ದೇನೆ.

ಉಟ್ರೆಕ್ಟಿಗೆ ನಗರದ ಹಕ್ಕು ಸಿಕ್ಕಿದ್ದು 1122ರಲ್ಲಿ. ಆಮೇಲೆ ಊರಿನ ಸುತ್ತ ಕಂದಕ ತೋಡಿದರು, ಗೋಡೆ ಎಬ್ಬಿಸಿದರು. 16ನೇ ಶತಮಾನದಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಕಾಲಕ್ಕೆ ಫಿರಂಗಿ ತಡೆಯಲು ದೊಡ್ಡ ಕೊತ್ತಲಗಳೂ ಸೇರಿಕೊಂಡವು. ಅವುಗಳ ಹೆಸರು ಕೇಳಿ: ಸೊನ್ನೆನ್‌ಬರ್ಗ್, ಮಾನೆನ್‌ಬರ್ಗ್, ಸ್ಟೆರೆನ್‌ಬರ್ಗ್. ಸೂರ್ಯ, ಚಂದ್ರ, ನಕ್ಷತ್ರ! ಯುದ್ಧಕ್ಕೆ ಕಟ್ಟಿದ್ದಕ್ಕೆ ಇಂಥ ಹೆಸರಿಟ್ಟವರು ಯಾರೋ ಪುಣ್ಯಾತ್ಮರು.

19ನೇ ಶತಮಾನದ ಹೊತ್ತಿಗೆ ಇಂಥ ಗೋಡೆಗಳಿಂದ ಉಪಯೋಗವಿರಲಿಲ್ಲ. 1830ರ ಸುಮಾರಿಗೆ ಅವುಗಳನ್ನು ಕೆಡವುವ ಕೆಲಸ ಶುರುವಾಯಿತು. ಖಾಲಿಯಾದ ನೆಲವನ್ನು ತೋಟ ಮಾಡುವ ನಕ್ಷೆ ಬರೆದವನು ಯಾನ್ ಡಾವಿಡ್ ಝೋಖರ್. ಮುಂದೆ ಆಮ್‌ಸ್ಟರ್‌ಡ್ಯಾಮಿನ ವಾಂಡಲ್ ಪಾರ್ಕಿನಲ್ಲೂ ಇವನ ಕೈಯಿದೆ. ಕೋಟೆಯ ಗೆರೆಗಳೆಲ್ಲ ಮೂಲೆ ಮೂಲೆ, ಚೂಪು ಚೂಪು. ಝೋಖರ್ ಅವುಗಳನ್ನು ಸವರಿ ಬಾಗಿಸಿದ. ಗೋಡೆಯ ಮಣ್ಣು ದಿಬ್ಬವಾಯಿತು, ಕಂದಕದ ದಂಡೆ ಬಳುಕಿತು. ದಾರಿಯನ್ನಂತೂ ಎಲ್ಲೂ ನೇರವಾಗಿ ಬಿಡಲಿಲ್ಲ. ಪ್ರತಿ ತಿರುವಿನಲ್ಲೂ ಮುಂದಿನದು ಮರದ ಮರೆಯಲ್ಲಿರುತ್ತದೆ. ಅಗಲ ನೋಡಿದರೆ ಒಂದು ಪಟ್ಟಿಯಷ್ಟೇ, ನಡೆಯುವವರಿಗೆ ಮಾತ್ರ ದೊಡ್ಡ ವನದೊಳಗಿದ್ದಂತೆ ಅನಿಸುತ್ತದೆ. ಜಾಗವಿಲ್ಲದ ಕಡೆ ಜಾಗ ತೋರಿಸುವ ಈ ಜಾಣತನ ನನಗೆ ತುಂಬ ಇಷ್ಟ.

ಇಡೀ ಸುತ್ತು ಸುಮಾರು 6 ಕಿಲೋಮೀಟರ್. ನೀರು ಎಡಕ್ಕಿರುವಂತೆ ನಡೆಯಿರಿ. ಆಗ ಊರು, ಅದರ ನಡುವಿನ 112 ಮೀಟರ್ ಎತ್ತರದ ಡೊಮ್ ಗೋಪುರ, ನಿಮ್ಮ ಬಲಕ್ಕೆ ಬರುತ್ತವೆ. ಥೇಟ್ ಗುಡಿಯ ಪ್ರದಕ್ಷಿಣೆ. ಅಮ್ಮನಿಗೆ ಇದನ್ನು ಹೇಳಿದರೆ ಅರ್ಧ ಸುತ್ತಿಗೇ ನಿಲ್ಲುವುದಿಲ್ಲ, ನೋಡಿ!

ಪೂರ್ವಕ್ಕೆ ಬಂದಾಗ ಲೆಪೆಲೆನ್‌ಬರ್ಗ್ ಸಿಗುತ್ತದೆ. ಇದೂ ಕೊತ್ತಲವೇ ಆಗಿತ್ತು, ಈಗ ಹುಲ್ಲುಹಾಸು. ಬಿಸಿಲು ಬಿದ್ದ ದಿನ ಅರ್ಧ ಊರು ಇಲ್ಲೇ ಮಲಗಿರುತ್ತದೆ. ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಉಳಿದ ಚಪಾತಿಯನ್ನು ಬಾತುಕೋಳಿಗೆ ಮಾತ್ರ ಹಾಕಬೇಡಿ, ಅವಕ್ಕೂ ಒಳ್ಳೆಯದಲ್ಲ, ನೀರಿಗೂ ಅಲ್ಲ. ಹತ್ತಿರದಲ್ಲೇ ಮಾಲಿಬಾನ್ ಇದೆ. ವಿಶ್ವವಿದ್ಯಾಲಯ ಹುಟ್ಟಿದ ಮರುವರ್ಷ, 1637ರಲ್ಲಿ, ಮರದ ಸುತ್ತಿಗೆಯಿಂದ ಚೆಂಡು ಹೊಡೆಯುವ ಆಟಕ್ಕೆಂದು ಮಾಡಿದ ಸಾಲುಮರದ ಹಾದಿ ಅದು. ದೇಶದ ಮೊದಲ ಸೈಕಲ್ ಪಥ ಬಂದದ್ದೂ ಅಲ್ಲೇ, 1885ರಲ್ಲಿ. ಇನ್ನಷ್ಟು ಮುಂದೆ ಸೊನ್ನೆನ್‌ಬರ್ಗ್. ಸೂರ್ಯನ ಹೆಸರಿನ ಈ ಕೊತ್ತಲದ ಮೇಲೆ 1853ರಲ್ಲಿ ಖಗೋಳ ವೀಕ್ಷಣಾಲಯ ಬಂತು.

ಪಶ್ಚಿಮದ ಕಥೆ ಬೇರೆ. 1960-70ರ ದಶಕದಲ್ಲಿ ಕಾರಿನ ಭರಾಟೆ. ಕಂದಕ ಪೂರ್ತಿ ಮುಚ್ಚಿ ವರ್ತುಲ ರಸ್ತೆ ಮಾಡುವ ಯೋಜನೆ ಇತ್ತು. ಪೂರ್ತಿ ನಡೆಯಲಿಲ್ಲ, ಆದರೆ ರೈಲು ನಿಲ್ದಾಣದ ಕಡೆಯ ಕ್ಯಾಥರೈನೆಸಿಂಗೆಲ್ ಎಂಬ ಕಂದಕದ ಭಾಗದ ನೀರು ಬತ್ತಿಸಿ ಅದರ ಗುಂಡಿಯಲ್ಲಿ ಹೆದ್ದಾರಿ ಹಾಸಿಯೇಬಿಟ್ಟರು. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ ಕಂಡ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯ ಮುಂದಿನದು. 2002ರಲ್ಲಿ ನಿಲ್ದಾಣದ ಪ್ರದೇಶ ಹೇಗಿರಬೇಕೆಂದು ಜನಮತ ಕೇಳಿದಾಗ, ನೀರು ವಾಪಸ್ ಬರುವ ಯೋಜನೆಗೆ ಊರು ಮತ ಹಾಕಿತು. ಹೆದ್ದಾರಿ ಕಿತ್ತರು, ಗುಂಡಿಗೆ ಮತ್ತೆ ನೀರು ಬಿಟ್ಟರು. 2020ರ ಸೆಪ್ಟೆಂಬರಿನಲ್ಲಿ ಸುತ್ತು ಪೂರ್ಣವಾಯಿತು. ಈಗ ದೋಣಿಯಲ್ಲೇ ಊರು ಸುತ್ತಬಹುದು. ನಿಲ್ದಾಣದ ಪಕ್ಕದ ಹೋಖ್ ಕ್ಯಾಥರೈನೆ ಮಾಲ್ ಇದೆಯಲ್ಲ, ಅದರ ಅಡಿಯಿಂದಲೇ ನೀರು ಹಾಯುತ್ತದೆ. ಈ ಭಾಗದ ಗಿಡಗಳು ಇನ್ನೂ ಎಳೆಯವು. ಬೆಳಿಗ್ಗೆ ಪೂರ್ವದ ಮುದಿ ಮರಗಳ ಕೆಳಗೆ ನಡೆದು ಮಧ್ಯಾಹ್ನ ಇಲ್ಲಿಗೆ ಬಂದರೆ, ನಡುವೆ ಕಳೆದುಹೋದ ವರ್ಷಗಳು ನೆರಳಿನ ಅಳತೆಯಲ್ಲೇ ಗೊತ್ತಾಗುತ್ತವೆ. ನೀರನ್ನು ಮತ್ತೆ ತರಬಹುದು, ನೆರಳಿಗೆ ಕಾಯಲೇಬೇಕು.

ಸುತ್ತಿನ ಹೊರಗೆ, ಈಶಾನ್ಯಕ್ಕೆ, ಗ್ರಿಫ್ಟ್ ಪಾರ್ಕ್. ಚೆಲುವಿನಲ್ಲಿ ಝೋಖರ್‌ನ ತೋಟಕ್ಕೆ ಸಾಟಿಯಲ್ಲ, ಒಪ್ಪುತ್ತೇನೆ. ಆದರೆ ಮಕ್ಕಳಿದ್ದವರು ಅಲ್ಲಿಗೇ ಹೋಗಿ. ಆಟದ ಜಾಗವಿದೆ, ಕುರಿ ಕೋಳಿ ನೋಡುವ ಪುಟ್ಟ ಫಾರಂ ಇದೆ. ಆ ನೆಲದಲ್ಲಿ ಹಿಂದೆ ಕಲ್ಲಿದ್ದಲಿನಿಂದ ಗ್ಯಾಸ್ ತಯಾರಿಸುವ ಕಾರ್ಖಾನೆಯಿತ್ತು. ಡಾಂಬರು ಇಳಿದು ಮಣ್ಣು ವಿಷವಾಗಿತ್ತು. ಅಷ್ಟನ್ನೂ ಅಗೆದು ಸಾಗಿಸುವುದು ಆಗದ ಮಾತು. ಹಾಗಾಗಿ ಸುತ್ತ ನೆಲದೊಳಗೆ ಆಳವಾದ ಗೋಡೆ ಇಳಿಸಿ, ಕೊಳೆ ಹರಡದಂತೆ ಕಟ್ಟಿಹಾಕಿ, ಮೇಲೆ ಶುದ್ಧ ಮಣ್ಣು ಹರಡಿದರು. ಒಳಗಿನ ಅಂತರ್ಜಲವನ್ನು ಪಂಪ್ ಮಾಡಿ ಶುದ್ಧೀಕರಿಸುತ್ತಾರೆ. ಉಟ್ರೆಕ್ಟ್ ನೆಲದ ಮೇಲೆ ಕೆಡವಿದ ಗೋಡೆಯನ್ನು ಇಲ್ಲಿ ನೆಲದ ಕೆಳಗೆ ಕಟ್ಟಿತು ಅನ್ನಬೇಕು.

ಕಾಲು ಸೋತವರಿಗೆ ಊರ ನಡುವೆಯೇ ಎರಡು ಜಾಗ ಹೇಳುತ್ತೇನೆ. ಒಂದು, ಡೊಮ್ ಚರ್ಚಿನ ಪಕ್ಕದ ಪಾಂಡ್‌ಹೋಫ್. ಸುತ್ತ ಕಲ್ಲಿನ ಮೊಗಸಾಲೆ, ನಡುವೆ ಮೂಲಿಕೆಗಳ ಮಡಿ, ಕಾರಂಜಿಯ ಮೇಲೆ ಬಗ್ಗಿ ಬರೆಯುತ್ತ ಕೂತ ಪಾದ್ರಿಯ ಕಂಚಿನ ಮೂರ್ತಿ. ಕಿಟಕಿಗಳ ಮೇಲಿನ ಕೆತ್ತನೆಯಲ್ಲಿ ಸಂತ ಮಾರ್ಟಿನ್‌ನ ಕಥೆ ಇದೆ, ತಲೆಯೆತ್ತಿ ನೋಡುವುದನ್ನು ಮರೆಯಬೇಡಿ. ಹೊರಗಿನ ಚೌಕವೂ ಯಾರೂ ಯೋಜಿಸಿದ್ದಲ್ಲ. 1674ರ ಬಿರುಗಾಳಿಗೆ ಚರ್ಚಿನ ನಡುಭಾಗ ಕುಸಿದು ಆ ಬಯಲಾಯಿತು. ಗೋಪುರ ಒಂದು ಕಡೆ, ಚರ್ಚು ಒಂದು ಕಡೆ ನಿಂತಿರುವುದು ಅದಕ್ಕೇ. ಇನ್ನೊಂದು, ವಿಶ್ವವಿದ್ಯಾಲಯ ಮ್ಯೂಸಿಯಮ್ಮಿನ ಹಿತ್ತಲಿನ ಹಳೆಯ ಸಸ್ಯೋದ್ಯಾನ, 1723ರದು. ಅಲ್ಲಿಯ ಗಿಂಕ್ಗೊ ಮರವನ್ನು ಯುರೋಪಿನ ಅತಿ ಹಳೆಯ ಗಿಂಕ್ಗೊಗಳ ಸಾಲಿಗೆ ಸೇರಿಸುತ್ತಾರೆ. ಎಲೆ ಬೀಸಣಿಗೆಯ ಆಕಾರದ್ದು. ನವೆಂಬರಿನ ಹೊತ್ತಿಗೆ ಮರವೆಲ್ಲ ಹಳದಿ. ಬೇಸಿಗೆಗೆ ಬಂದ ಅಪ್ಪ ಅಮ್ಮನಿಗೆ ಇದು ಸಿಗುವುದಿಲ್ಲ, ಅಷ್ಟು ಹೊತ್ತಿಗೆ ಅವರು ಊರಿಗೆ ಹೊರಟಿರುತ್ತಾರೆ. ನೀವು ಹೋಗಿ ನೋಡಿ, ಫೋಟೋ ಕಳಿಸಿ.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ.