ಮಗ್ಗ ನಿಂತಿದ್ದ ನೆಲದ ಮೇಲೆ ಮನೆ: ಲೋವೆಲ್ ಊರಿನ ಮಿಲ್ಲುಗಳು

ನಮಸ್ಕಾರ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಊರಿನಲ್ಲಿ, ಈಗ ವಸ್ತುಸಂಗ್ರಹಾಲಯವಾಗಿರುವ ಬೂಟ್ ಹತ್ತಿ ಗಿರಣಿಯ ನೇಯ್ಗೆ ಕೋಣೆಗೆ ಕಾಲಿಡುವ ಮುನ್ನ, ಕಿವಿಗೆ ಇಟ್ಟುಕೊಳ್ಳಲು ಎರಡು ಮೆತ್ತನೆಯ ಬಿರಡೆಗಳನ್ನು ಕೊಡುತ್ತಾರೆ. ಒಳಗೆ 88 ಮಗ್ಗಗಳಿವೆ. ಅವುಗಳಲ್ಲಿ ಕೆಲವನ್ನು ಮಾತ್ರ ಓಡಿಸುತ್ತಾರೆ; ಆದರೂ ಸದ್ದು ಕಿವಿಗಿಂತ ಮೊದಲು ಅಂಗಾಲಿನಿಂದ ಮೈಗೇರುತ್ತದೆ. ದಾವಣಗೆರೆಯಿಂದ ಬಂದಿದ್ದ ನನ್ನ ಸೋದರಮಾವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮಿಲ್ಲಿನ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಬೀದಿಯಲ್ಲಿ ಬೆಳೆದವರು ಅವರು. ಒಳಗೆ ಹೋದವರು ಒಂದು ಮಾತನ್ನೂ ಆಡದೆ ಹತ್ತಿರದ ಕಂಬದ ಮೇಲೆ ಅಂಗೈಯಿಟ್ಟು, ಅದರ ನಡುಕ ನಿಲ್ಲುವವರೆಗೂ ಹಾಗೆಯೇ ನಿಂತಿದ್ದರು. ಹೊರಗೆ ಅಂಗಳಕ್ಕೆ ಬಂದು ತಲೆ ಎತ್ತಿ ನೋಡಿದರೆ, ಅದೇ ಗಿರಣಿಯ ಇನ್ನೊಂದು ಭಾಗದ ಕಿಟಕಿಗಳಲ್ಲಿ ಪರದೆಗಳು, ಹೂವಿನ ಕುಂಡಗಳು, ಒಂದು ಕಿಟಕಿಯಲ್ಲಿ ಹೊರಗೆ ನೋಡುತ್ತಾ ಕುಳಿತ ಬೆಕ್ಕು. ಅಲ್ಲಿ ಈಗ ಜನ ವಾಸವಾಗಿದ್ದಾರೆ. "ಇದನ್ನು ಕೆಡವಲಿಲ್ಲವಲ್ಲ!" ಎಂದರು ಮಾವ. ಅದು ಪ್ರಶ್ನೆಯೋ ಉದ್ಗಾರವೋ ನನಗೆ ತಿಳಿಯಲಿಲ್ಲ. ಅವರಿಗೆ ಆ ದಿನ ನಾನು ಅರೆಬರೆಯಾಗಿ ಹೇಳಿದ ಉತ್ತರವನ್ನು ಇಂದು ನಿಮ್ಮ ಮುಂದೆ ಪೂರ್ತಿಯಾಗಿ ಇಡುತ್ತೇನೆ.

ಹಳೆಯ ಕಾರ್ಖಾನೆಗಳನ್ನು ಮನೆಗಳನ್ನಾಗಿ ಮಾಡುವುದನ್ನು ಇಲ್ಲಿ ಲಾಫ್ಟ್ ಎಂಬ ಹೆಸರಿನಿಂದ ಕರೆಯುತ್ತಾರೆ. ನಮ್ಮಲ್ಲಿ ಲಾಫ್ಟ್ ಎಂದರೆ ಅಡುಗೆಮನೆಯ ಮೇಲ್ಭಾಗದಲ್ಲಿ ಹಬ್ಬದ ಪಾತ್ರೆಗಳನ್ನು ಪೇರಿಸಿಡುವ ಅಟ್ಟ. ಇಲ್ಲಿ ಅದು ಗಿರಣಿಯ ಒಂದು ಮಹಡಿಯನ್ನೇ ವಿಂಗಡಿಸಿ ಮಾಡಿದ, ಎತ್ತರದ ಸೂರು, ಬರಿಯ ಇಟ್ಟಿಗೆಯ ಗೋಡೆ, ಆಳೆತ್ತರದ ಕಿಟಕಿಗಳುಳ್ಳ ಮನೆ. ಸತ್ತುಹೋದ ಪೇಟೆಯೊಂದನ್ನು ಬದುಕಿಸಲು ಇಂತಹ ಮನೆಗಳೇ ಮದ್ದು ಎಂಬ ನಂಬಿಕೆ ಅಮೆರಿಕದ ಊರೂರಿನಲ್ಲಿದೆ. ಈ ನಂಬಿಕೆಯ ಅರ್ಧವನ್ನು ನಾನು ಒಪ್ಪುತ್ತೇನೆ. ಲೋವೆಲ್‌ನಲ್ಲಿ ಮೊದಲು ಉಳಿದದ್ದು ಊರು, ಮನೆಗಳು ಆಮೇಲೆ ಬಂದವು. ಆ ಉಳಿಸುವ ಕೆಲಸ ನಡೆದದ್ದು ಎಲ್ಲರ ತೆರಿಗೆಯ ಹಣದಿಂದ. ಆದ್ದರಿಂದ ಆ ಕಟ್ಟಡಗಳ ಬಾಗಿಲು ಅದೇ ಊರಿನ ಸಾಮಾನ್ಯ ದುಡಿಮೆಗಾರರಿಗೆ ತೆರೆದಿರಲೇಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಲೋವೆಲ್ ಹುಟ್ಟಿದ್ದೇ ಕಾರ್ಖಾನೆಗಾಗಿ. ಮೆರಿಮ್ಯಾಕ್ ನದಿ ಪಾಟಕೆಟ್ ಎಂಬಲ್ಲಿ 32 ಅಡಿ ಧುಮುಕುತ್ತದೆ. ಆ ನೀರಿನ ಬಲವನ್ನು ಒಟ್ಟು 5.6 ಮೈಲಿ ಉದ್ದದ ಕಾಲುವೆಗಳಲ್ಲಿ ಹರಿಸಿ ಗಿರಣಿಗಳ ಚಕ್ರ ತಿರುಗಿಸಿದರು. ಆ ಕಾಲುವೆಗಳನ್ನು ಅಗೆಯಲು ಬೆವರು ಸುರಿಸಿದವರು ಐರಿಷ್ ಕೂಲಿಗಳು. 1826ರಲ್ಲಿ ಪಟ್ಟಣವಾಗಿ, ಹತ್ತೇ ವರ್ಷಗಳಲ್ಲಿ ನಗರವಾಗಿ ಬೆಳೆದ ಈ ಊರನ್ನು ಅಮೆರಿಕದ ಮ್ಯಾಂಚೆಸ್ಟರ್ ಎಂದು ಕರೆದರು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದನ್ನು ಹೊತ್ತ ಊರಿನಿಂದ ಬಂದ ನನಗೆ ಆ ಹೆಸರು ಕೇಳಿದಾಗಲೆಲ್ಲ ಎದೆಯಲ್ಲಿ ಏನೋ ಮಿಡಿಯುತ್ತದೆ. ಗಿರಣಿಗಳಲ್ಲಿ ದುಡಿದವರು ಮೊದಲು ಸುತ್ತಲ ರೈತ ಮನೆತನಗಳ ಹೆಣ್ಣುಮಕ್ಕಳು. ಅವರು ವಾರಕ್ಕೆ ಸರಾಸರಿ 73 ಗಂಟೆ ನಿಂತು ದುಡಿಯುತ್ತಿದ್ದರು, ಕೂಲಿ ಕಡಿತದ ವಿರುದ್ಧ 1834ರಲ್ಲಿ ಮುಷ್ಕರವನ್ನೂ ಹೂಡಿದರು. ಅನಂತರ ಐರಿಷರು, ಕೆನಡಾದ ಫ್ರೆಂಚರು, ಗ್ರೀಕರು, ಪೋಲಿಷರು, ಪೋರ್ಚುಗೀಸರು ಬಂದರು. ಆ ಮಗ್ಗಗಳಿಗೆ ಬರುತ್ತಿದ್ದ ಹತ್ತಿ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ಬೆಳೆದ ಹತ್ತಿಯಾಗಿತ್ತು. ಇಲ್ಲಿ ನೇಯ್ದ ಒರಟು ಬಟ್ಟೆಯ ಒಂದು ಪಾಲು ಅದೇ ಗುಲಾಮರ ಮೈಮೇಲಿನ ಉಡುಪಾಗಿ ಹಿಂದಿರುಗುತ್ತಿತ್ತು. ಇಟ್ಟಿಗೆಯ ಚೆಲುವನ್ನು ಹೊಗಳುವ ಮನೆ ಮಾರಾಟದ ಕರಪತ್ರಗಳಲ್ಲಿ ಈ ಸಂಗತಿ ಇರುವುದಿಲ್ಲ. ಅದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

1920ರ ದಶಕದಿಂದ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಗ್ಗದ ಕೂಲಿಯನ್ನು ಅರಸಿ ಬಂಡವಾಳ ದಕ್ಷಿಣಕ್ಕೆ ಹೋಯಿತು. 1920ರಲ್ಲಿ 1,12,759 ಇದ್ದ ಜನಸಂಖ್ಯೆ 1980ರ ಹೊತ್ತಿಗೆ 92,418ಕ್ಕೆ ಇಳಿದಿತ್ತು. ನಗರ ನವೀಕರಣದ ಹೆಸರಿನಲ್ಲಿ 1960ರ ದಶಕದಲ್ಲಿ ಊರಿನ ಮೊಟ್ಟಮೊದಲ ದೊಡ್ಡ ಗಿರಣಿಯಾದ ಮೆರಿಮ್ಯಾಕ್ ಕಂಪನಿಯ ಕಟ್ಟಡಗಳನ್ನೂ, ಹೆಣ್ಣುಮಕ್ಕಳು ತಂಗುತ್ತಿದ್ದ ವಸತಿಗೃಹಗಳ ಸಾಲನ್ನೂ ನೆಲಸಮ ಮಾಡಿದರು. ಗಬ್ಬು ನಾರುತ್ತಿದ್ದ ಕಾಲುವೆಗಳನ್ನು ಮುಚ್ಚಿಬಿಡೋಣ ಎಂಬ ಮಾತೂ ಕೇಳಿಬಂದಿತ್ತು. ಹಾಗೆ ಮಾಡಿದ್ದರೆ ಈ ಸಂಚಿಕೆಗೆ ವಿಷಯವೇ ಇರುತ್ತಿರಲಿಲ್ಲ.

ಅದನ್ನು ತಡೆದವರು ಕಟ್ಟಡ ಕಟ್ಟುವ ಉದ್ಯಮಿಗಳಲ್ಲ, ಒಬ್ಬ ಶಿಕ್ಷಕ. ಪ್ಯಾಟ್ರಿಕ್ ಮೋಗನ್ ಎಂಬ ಶಿಕ್ಷಣಾಧಿಕಾರಿಗೆ ಕಾಡುತ್ತಿದ್ದದ್ದು ತಮ್ಮ ಊರಿನ ಬಗ್ಗೆ ನಾಚಿಕೆಪಡುತ್ತಾ ಬೆಳೆಯುತ್ತಿದ್ದ ಮಕ್ಕಳ ಚಿಂತೆ. ಈ ಊರನ್ನೇ ಒಂದು ಪಾಠಶಾಲೆಯನ್ನಾಗಿ ಮಾಡಬೇಕು, ಕಾಡು ಕಣಿವೆಗಳಿಗೆ ಸಿಗುವ ರಾಷ್ಟ್ರೀಯ ಉದ್ಯಾನದ ಮನ್ನಣೆ ದುಡಿಮೆಯ ಊರಿಗೂ ಸಿಗಬೇಕು ಎಂದು ಅವರು ವರ್ಷಗಟ್ಟಲೆ ಹೇಳುತ್ತಾ ಬಂದರು. ಲೋವೆಲ್‌ನಲ್ಲೇ ಹುಟ್ಟಿದ ಸಂಸದ ಪಾಲ್ ಸಾಂಗಸ್ ಆ ಮಾತನ್ನು ವಾಷಿಂಗ್ಟನ್‌ವರೆಗೆ ಒಯ್ದರು. 1978ರ ಜೂನ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿ, ಲೋವೆಲ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಹುಟ್ಟಿತು. ಕಾಲುವೆಯ ದಂಡೆಗಳು ಚೊಕ್ಕಟವಾದವು, ಬೀದಿಗಳಿಗೆ ಕಲ್ಲುಹಾಸು ಬಂತು, ಹಳೆಯ ಕಟ್ಟಡಗಳನ್ನು ಸರಿಪಡಿಸುವವರಿಗೆ ನೆರವು ನೀಡುವ ಆಯೋಗವೊಂದು ಕೆಲಸ ಆರಂಭಿಸಿತು. ಸ್ಥಳೀಯ ಬ್ಯಾಂಕುಗಳು ತಾವೇ ಹಣ ಕೂಡಿಸಿ, ಪೇಟೆಯ ಕಟ್ಟಡಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಡುವ ಏರ್ಪಾಡನ್ನು ಅದಕ್ಕೂ ಮೊದಲೇ ಮಾಡಿಕೊಂಡಿದ್ದವು. ಇಷ್ಟೆಲ್ಲ ಆದ ಮೇಲೆಯೇ ಖಾಸಗಿ ಹಣ ಧೈರ್ಯ ಮಾಡಿ ಗಿರಣಿಗಳ ಬಾಗಿಲು ತಟ್ಟಿತು. ಬೇರೆ ಊರುಗಳು ಈ ಕ್ರಮವನ್ನು ಮರೆತು, ಬಣಗುಡುವ ಬೀದಿಯ ನಡುವೆ ಒಂದು ಚೆಂದದ ಲಾಫ್ಟ್ ಕಟ್ಟಡ ನಿಲ್ಲಿಸಿ, ಸುತ್ತ ಕಿರಾಣಿ ಅಂಗಡಿಯೂ ಇಲ್ಲ, ಸಂಜೆಯ ಮೇಲೆ ಬಸ್ಸೂ ಇಲ್ಲ ಎಂಬ ಸ್ಥಿತಿಯಲ್ಲಿ ಜನ ಬರಲಿಲ್ಲವೆಂದು ಕೊರಗುತ್ತವೆ.

ಈಗ ಕಟ್ಟಡದೊಳಗೆ ಹೋಗೋಣ, ಏಕೆಂದರೆ ಗಿರಣಿಯೊಂದು ಮನೆಯಾಗುವುದು ಹೇಗೆ ಎಂಬುದನ್ನು ಅದರ ಹುಟ್ಟಿನಲ್ಲೇ ಕಾಣಬಹುದು. ವಿದ್ಯುತ್ ದೀಪವಿಲ್ಲದ ಕಾಲದಲ್ಲಿ ನೂಲು ಕಾಣಬೇಕಾದರೆ ಹಗಲಿನ ಬೆಳಕೇ ಗತಿ. ಆದ್ದರಿಂದ ಲೋವೆಲ್‌ನ ಮೊದಲ ಗಿರಣಿಗಳ ಅಗಲ 45 ಅಡಿಯ ಆಸುಪಾಸು ಮಾತ್ರ. ಎರಡೂ ಕಡೆಯ ಕಿಟಕಿಗಳಿಂದ ಬೆಳಕು ನಡುವಿನವರೆಗೆ ತಲುಪುವಷ್ಟು. ಅದೇ ಅಳತೆ ಇಂದು ಮನೆಗಳಿಗೆ ಹೇಳಿ ಮಾಡಿಸಿದಂತಿದೆ: ನಡುವೆ ಓಣಿ, ಎರಡೂ ಕಡೆ ಕಿಟಕಿಯುಳ್ಳ ಮನೆಗಳು. ಮುಂದೆ ಕಟ್ಟಿದ ಅಗಲವಾದ ಗಿರಣಿಗಳಲ್ಲಿ ಹೀಗಾಗುವುದಿಲ್ಲ. ಅಲ್ಲಿ ನಡುವಿನ ಜಾಗ ಕತ್ತಲೆಯಾಗಿ, ಎಷ್ಟೋ ಮಲಗುವ ಕೋಣೆಗಳಿಗೆ ಕಿಟಕಿಯೇ ಸಿಗದೆ ಹೊರಕೋಣೆಯಿಂದ ಬೆಳಕನ್ನು ಎರವಲು ಪಡೆಯಬೇಕಾಗುತ್ತದೆ. ಇನ್ನು ನೆಲ. ಹತ್ತಿಯ ಧೂಳು, ಎಣ್ಣೆ, ದೀಪದ ಜ್ವಾಲೆ ಸೇರಿದರೆ ಬೆಂಕಿ ತಪ್ಪಿದ್ದಲ್ಲ ಎಂದು ಅರಿತ ಗಿರಣಿ ಮಾಲೀಕರು ಮತ್ತು ಅವರ ವಿಮಾ ಸಂಘಗಳು, ನಿಧಾನವಾಗಿ ಉರಿಯುವ ಕಟ್ಟಡ ಎಂಬ ಪದ್ಧತಿಯನ್ನೇ ರೂಢಿಗೆ ತಂದವು. ತೆಳುವಾದ ತೊಲೆಗಳು ಬೇಗ ಸುಟ್ಟು ಕುಸಿಯುತ್ತವೆ. ದಪ್ಪ ತೊಲೆಯಾದರೆ ಮೇಲ್ಮೈ ಕರಕಲಾದರೂ ಒಡಲು ಭಾರ ಹೊತ್ತು ನಿಲ್ಲುತ್ತದೆ. ಮೆಟ್ಟಿಲುಗಳನ್ನು ಕಟ್ಟಡದ ಹೊರಬದಿಯ ಗೋಪುರದಲ್ಲಿಟ್ಟರು, ಬೆಂಕಿ ಮಹಡಿಯಿಂದ ಮಹಡಿಗೆ ಏರದಿರಲೆಂದು. ಇಂದು ಬಾಡಿಗೆದಾರರು ಬೆರಗಿನಿಂದ ನೋಡುವ ಆ ತೊಲೆಗಳು ಅಲಂಕಾರಕ್ಕೆ ಇಟ್ಟವಲ್ಲ, ಸಾವಿನ ಭಯದಿಂದ ಇಟ್ಟವು.

ನಮ್ಮ ಪರಿಚಿತರೊಬ್ಬರ ಮನೆ ಇಂತಹದೇ ಗಿರಣಿಯ ನಾಲ್ಕನೆಯ ಮಹಡಿಯಲ್ಲಿದೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಕಟ್ಟೆಯ ಮೇಲೆ ಅವರ ಮಗಳು ಕಾಲು ಮಡಚಿ ಕುಳಿತು ಪಾಠ ಓದುತ್ತಾಳೆ. ನೆಲದ ಮೇಪಲ್ ಹಲಗೆಗಳಲ್ಲಿ ಒಂದೇ ಅಂತರದಲ್ಲಿ ಕಪ್ಪು ಕಲೆಗಳಿವೆ. ಯಂತ್ರದ ಕಾಲುಗಳು ನಿಂತಿದ್ದ ಜಾಗ, ದಶಕಗಳ ಎಣ್ಣೆ ಇಳಿದ ಗುರುತು. ಎಷ್ಟು ಉಜ್ಜಿದರೂ ಅದು ಹೋಗಲಿಲ್ಲವಂತೆ, ಹೋಗದಿದ್ದುದೇ ಒಳ್ಳೆಯದಾಯಿತು ಎನ್ನುತ್ತಾರೆ ಮನೆಯಾಕೆ. ಮೇಲಿನ ಮನೆಯವರ ಹೆಜ್ಜೆಯ ಸದ್ದು ಮಾತ್ರ ಚೆನ್ನಾಗಿ ಕೇಳಿಸುತ್ತದೆ. ಮರದ ನೆಲದ ಗುಣ ಅದು. ಅವರು ಅತಿಯಾಗಿ ಮೆಚ್ಚುವ ಆ ದೊಡ್ಡ ಕಿಟಕಿಗಳನ್ನು ಗಿರಣಿಯ ಕಾಲದಲ್ಲಿ ಬೇಸಿಗೆಯಲ್ಲೂ ಮುಚ್ಚಿಯೇ ಇಡುತ್ತಿದ್ದರು. ಗಾಳಿ ಒಣಗಿದರೆ ನೂಲು ತುಂಡಾಗುತ್ತದೆ. ಆದ್ದರಿಂದ ಹಬೆ ಬಿಟ್ಟು ತೇವ ಹಿಡಿದಿಡುತ್ತಿದ್ದರು, ಆ ತೇವದಲ್ಲಿ ಹತ್ತಿಯ ಎಳೆಗಳನ್ನು ಉಸಿರಾಡಿದ ಹುಡುಗಿಯರು ಕೆಮ್ಮುತ್ತಾ ದುಡಿಯುತ್ತಿದ್ದರು. ಇಂದು ಆ ಕಿಟಕಿ ತೆರೆದಾಗ ಕಾಲುವೆಯ ಕಡೆಯಿಂದ ತಂಗಾಳಿ ಬರುತ್ತದೆ.

ಹಣದ ವಿಚಾರಕ್ಕೆ ಬರುತ್ತೇನೆ. ಇಂತಹ ಕೆಲಸ ಅಗ್ಗದ್ದಲ್ಲ. ಸೀಸದ ಬಣ್ಣ, ಕಲ್ನಾರು, ವಿಷವೇರಿದ ಮಣ್ಣು ಇವುಗಳನ್ನು ತೆಗೆಯುವುದರಲ್ಲೇ ಮೊದಲ ಹಣ ಕರಗುತ್ತದೆ. ಅದಕ್ಕಾಗಿ ಅಮೆರಿಕದ ಕೇಂದ್ರ ಸರ್ಕಾರ ಐತಿಹಾಸಿಕ ಕಟ್ಟಡಗಳ ಪುನರುಜ್ಜೀವನದ ಖರ್ಚಿಗೆ ತೆರಿಗೆ ರಿಯಾಯಿತಿ ಕೊಡುತ್ತದೆ. 1981ರಲ್ಲಿ ಅದು ಶೇಕಡ 25 ಇತ್ತು, 1986ರ ತೆರಿಗೆ ಸುಧಾರಣೆಯಲ್ಲಿ ಶೇಕಡ 20ಕ್ಕೆ ಇಳಿಯಿತು. ಒಂದು ಕೋಟಿ ಡಾಲರ್ ಖರ್ಚು ಮಾಡಿದವರಿಗೆ ತೆರಿಗೆಯಲ್ಲಿ 20 ಲಕ್ಷ ಡಾಲರ್ ಉಳಿಯುತ್ತದೆ. ಇದಕ್ಕೆ ಬದಲಾಗಿ ಕಟ್ಟಡದ ಚಹರೆಯನ್ನು ಕೆಡಿಸಬಾರದು, ಹಳೆಯ ಇಟ್ಟಿಗೆಗೆ ಮರಳು ಬೀಸಿ ಉಜ್ಜಬಾರದು, ಕಿಟಕಿಗಳ ವಿನ್ಯಾಸ ಹೊಂದಬೇಕು. ಸ್ವಂತ ವಾಸದ ಮನೆಗೆ ಈ ರಿಯಾಯಿತಿ ಸಿಗುವುದಿಲ್ಲ, ಆದಾಯ ತರುವ ಕಟ್ಟಡಕ್ಕೆ ಮಾತ್ರ. ಹಾಗಾಗಿಯೇ ಇಂತಹ ಎಷ್ಟೋ ಲಾಫ್ಟ್‌ಗಳು ಮಾರಾಟಕ್ಕಿಲ್ಲದೆ ಬಾಡಿಗೆಗೆ ಸಿಗುತ್ತವೆ. ಈ ಕಾನೂನು ಕಿಟಕಿಯ ಚೌಕಟ್ಟಿನ ಬಗ್ಗೆ ಇಷ್ಟೊಂದು ಕಾಳಜಿ ವಹಿಸುತ್ತದೆ, ಆದರೆ ಆ ಕಿಟಕಿಯ ಹಿಂದೆ ಯಾರು ವಾಸಿಸುತ್ತಾರೆ ಎಂದು ಕೇಳುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕಿನ ಸೋಹೋ ಎಂಬ ಬಡಾವಣೆಯೇ ಉದಾಹರಣೆ. ಖಾಲಿಯಾಗುತ್ತಿದ್ದ ಎರಕದ ಕಬ್ಬಿಣದ ಕಟ್ಟಡಗಳಲ್ಲಿ 1960ರ ದಶಕದ ಕಲಾವಿದರು ಕದ್ದುಮುಚ್ಚಿ ವಾಸಿಸಿದರು. 1971ರಲ್ಲಿ ಅವರ ವಾಸಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತು, 1982ರಲ್ಲಿ ಲಾಫ್ಟ್ ಬಾಡಿಗೆದಾರರ ರಕ್ಷಣೆಗೆ ರಾಜ್ಯದ ಕಾಯಿದೆಯೂ ಬಂತು. ಆದರೂ ಬೆಲೆ ಏರುತ್ತಾ ಹೋಗಿ, ಆ ಬೀದಿಗೆ ಬೆಲೆ ತಂದುಕೊಟ್ಟವರಂಥ ಕಲಾವಿದರಿಗೆ ಅಲ್ಲಿ ಹೊಸದಾಗಿ ಮನೆ ಹಿಡಿಯುವುದು ಕೈಗೆಟುಕದಾಯಿತು.

ಹೊಸ ಕಟ್ಟಡಗಳೇ ಸಾಕಲ್ಲವೇ, ಹಳೆಯದನ್ನು ಹಿಡಿದುಕೊಂಡು ಏಕೆ ಒದ್ದಾಡಬೇಕು ಎಂದು ಕೇಳುವವರಿದ್ದಾರೆ. ಲೋವೆಲ್ ಅದನ್ನೂ ಕಂಡಿದೆ. ವಾಂಗ್ ಲ್ಯಾಬೊರೇಟರೀಸ್ ಎಂಬ ಕಂಪ್ಯೂಟರ್ ಕಂಪನಿ ಹೆದ್ದಾರಿಯ ಪಕ್ಕ ಮೂರು ಗೋಪುರಗಳನ್ನು ಕಟ್ಟಿ, ಊರಿಗೆ ಹೊಸ ಕೆಲಸಗಳನ್ನು ತಂದಿತು; 1992ರಲ್ಲಿ ಅದು ದಿವಾಳಿಯಾಯಿತು, 1994ರ ಹರಾಜಿನಲ್ಲಿ ಆ ಗೋಪುರಗಳು 5,25,000 ಡಾಲರಿಗೆ ಹೋದವು. ಒಂದೇ ಉದ್ಯಮವನ್ನು ನೆಚ್ಚಿಕೊಂಡ ಊರು ಎರಡನೆಯ ಬಾರಿ ಬಿದ್ದಿತ್ತು. ಗೋಪುರಗಳಿಗೆ ಮುಂದೆ ಬೇರೆ ಮಾಲೀಕರು ಸಿಕ್ಕರು ನಿಜ, ಆದರೆ ಪೇಟೆಯ ಬೀದಿಗೆ ಸಂಜೆ ಏಳರ ನಂತರ ಜೀವ ತುಂಬುವ ಕೆಲಸವನ್ನು ಕಚೇರಿಗಳು ಮಾಡಲಾರವು. ಅಲ್ಲೇ ಮಲಗಿ ಅಲ್ಲೇ ಏಳುವ ಜನ ಬೇಕು. ನಮ್ಮ ಬೆಂಗಳೂರಿನ ಬಿನ್ನಿ ಮಿಲ್ಲಿನ ಜಾಗದಲ್ಲಿ ಇಂದು ವಸತಿ ಸಮುಚ್ಚಯಗಳೇನೋ ಎದ್ದಿವೆ. ಆದರೆ ಅಲ್ಲಿ ಬೆಳೆಯುವ ಮಗುವಿಗೆ ತನ್ನ ಕಾಲ ಕೆಳಗೆ ಒಂದು ಕಾಲದಲ್ಲಿ ಮಗ್ಗ ನಡೆಯುತ್ತಿತ್ತು ಎಂದು ತೋರಿಸಲು ಒಂದು ಎಣ್ಣೆಯ ಕಲೆಯೂ ಸಿಗುವುದಿಲ್ಲ.

ಹಾಗಾದರೆ ಸರಿಯಾಗಿ ಮಾಡಿದ ಉದಾಹರಣೆ ಇದೆಯೇ ಎಂದರೆ, ಬೂಟ್ ಗಿರಣಿಯಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿದೆ. ಹ್ಯಾಮಿಲ್ಟನ್ ಕಾಲುವೆಯ ಪಕ್ಕದ ಆ್ಯಪಲ್ಟನ್ ಗಿರಣಿ ಸೂರು ಕುಸಿದು, ಗೋಡೆಗಳಷ್ಟೇ ಉಳಿದ ಸ್ಥಿತಿಗೆ ಬಂದಿತ್ತು. 2011ರಲ್ಲಿ ಅದು 130 ಮನೆಗಳಾಗಿ ತೆರೆಯಿತು; ಕಲಾವಿದರಿಗೆ ಆದ್ಯತೆ, ಬಾಡಿಗೆ ಮತ್ತು ಬಾಡಿಗೆದಾರರ ಆದಾಯ ಎರಡಕ್ಕೂ ಮಿತಿ. ಇದು ಸಾಧ್ಯವಾದದ್ದು ಐತಿಹಾಸಿಕ ಕಟ್ಟಡದ ರಿಯಾಯಿತಿಯ ಜೊತೆಗೆ, ಕಡಿಮೆ ಆದಾಯದವರ ವಸತಿಗೆಂದು 1986ರಿಂದ ಇರುವ ಇನ್ನೊಂದು ತೆರಿಗೆ ರಿಯಾಯಿತಿಯನ್ನು ಹೆಣೆದಿದ್ದರಿಂದ. ಈ ಎರಡನೆಯ ಕಾನೂನು ಮೊದಲನೆಯದು ಕೇಳದ ಪ್ರಶ್ನೆಯನ್ನು ಕೇಳುತ್ತದೆ: ಒಳಗೆ ಯಾರಿರುತ್ತಾರೆ? ಎರಡನ್ನೂ ಸೇರಿಸುವುದು ಉದ್ಯಮಿಯ ಇಚ್ಛೆಗೆ ಬಿಟ್ಟ ವಿಷಯವಾಗಬಾರದು. ಗಿರಣಿಯನ್ನು ಮನೆ ಮಾಡಲು ಜನರ ತೆರಿಗೆಯ ಹಣ ಬೇಕು ಎನ್ನುವವರು, ಆ ಮನೆಗಳಲ್ಲಿ ಒಂದು ನಿಶ್ಚಿತ ಪಾಲನ್ನು ಊರಿನ ಶಾಲೆಯ ಆಯಾಗೆ, ಆಸ್ಪತ್ರೆಯ ಸಹಾಯಕನಿಗೆ, ಬಸ್ಸಿನ ಚಾಲಕನಿಗೆ ಎಟುಕುವ ಬಾಡಿಗೆಯಲ್ಲಿ ಇಡಲೇಬೇಕು ಎಂಬ ನಿಯಮ ಬರಬೇಕು.

2020ರ ಜನಗಣತಿಯಲ್ಲಿ ಲೋವೆಲ್‌ನ ಜನಸಂಖ್ಯೆ 1,15,554. ಗಿರಣಿಗಳು ಮೊರೆಯುತ್ತಿದ್ದ 1920ರ ಸಂಖ್ಯೆಯನ್ನು ಊರು ದಾಟಿದೆ. ಅದಕ್ಕೆ ಲಾಫ್ಟ್‌ಗಳಿಗಿಂತ ಹೆಚ್ಚಿನ ಕಾರಣ ಇಲ್ಲಿಗೆ ಬಂದು ನೆಲೆಸಿದವರು: ಯುದ್ಧದಿಂದ ಓಡಿಬಂದ ಕಾಂಬೋಡಿಯಾದ ಕುಟುಂಬಗಳಂಥವರು, ಲ್ಯಾಟಿನ್ ಅಮೆರಿಕದವರು, ಆಫ್ರಿಕಾದವರು, ವಿಶ್ವವಿದ್ಯಾಲಯಕ್ಕೆಂದು ಬಂದ ನಮ್ಮಂತಹವರು. ನೂರು ವರ್ಷಗಳ ಹಿಂದೆ ಗಿರಣಿಯ ಗೇಟಿನಲ್ಲಿ ಸಾಲು ನಿಂತಿದ್ದವರ ಬದುಕಿಗೂ ಇವರ ಬದುಕಿಗೂ ಬಹಳ ಅಂತರವಿಲ್ಲ. ಕಡಿಮೆ ಆದಾಯದವರ ವಸತಿಯ ಕಾನೂನಿನಲ್ಲಿ ಬಾಡಿಗೆಯ ಮಿತಿ ಸಾಮಾನ್ಯವಾಗಿ ಕನಿಷ್ಠ 30 ವರ್ಷ. ಆ್ಯಪಲ್ಟನ್ ಗಿರಣಿ ತೆರೆದ ವರ್ಷದಿಂದ ಆ 30ನ್ನು ಎಣಿಸಿದರೆ 2041 ಬರುತ್ತದೆ. ಆ ಕಾಲುವೆಯ ಮೇಲಿನ ಸೇತುವೆಯನ್ನು ದಾಟುವಾಗಲೆಲ್ಲ, ಸಂಜೆಯ ದೀಪ ಹೊತ್ತಿದ ಕಿಟಕಿಗಳನ್ನು ನೋಡುತ್ತಾ, ನಾನು ಆ ವರ್ಷವನ್ನು ಲೆಕ್ಕ ಹಾಕುತ್ತೇನೆ.