ಮುಂಬಯಿಯ ಮಳೆಯನ್ನು ಅಳೆಯುವುದು ಎಲ್ಲಿ?

[ದೃಶ್ಯ: ಮಾಟುಂಗಾದ ಒಂದು ಹೋಟೆಲು, ಗೋಡೆಯ ಟಿವಿಯಲ್ಲಿ ಮಳೆಯ ಸುದ್ದಿ]

"ಮುಂಬಯಿಯಲ್ಲಿ 24 ಗಂಟೆಗಳಲ್ಲಿ 200 ಮಿಲಿಮೀಟರ್ ಮಳೆ" ಎಂದು ಟಿವಿಯಲ್ಲಿ ಬಂದ ಕೂಡಲೇ ನಮ್ಮಂಥವರಿಗೆ ಊರಿನಿಂದ ಫೋನು ಬರುತ್ತದೆ: "ಬೊಂಬಾಯಿಯಲ್ಲಿ ಭಾರೀ ಮಳೆಯಂತೆ, ಮನೆಯೊಳಗೆ ನೀರು ಬಂತಾ ಮಗಾ?" ಕಿಟಕಿಯಾಚೆ ಬರೀ ತುಂತುರು ಬೀಳುತ್ತಿರುವಾಗ ಏನು ಉತ್ತರಿಸಬೇಕೆಂದು ತೋಚದೆ ಒದ್ದಾಡಿದವರಲ್ಲಿ ನಾನೂ ಒಬ್ಬ. ಟಿವಿ ಸುಳ್ಳು ಹೇಳಿರುವುದಿಲ್ಲ. ಮಳೆಯನ್ನು ಅಳೆದ ಜಾಗವನ್ನು ಮಾತ್ರ ಹೇಳಿರುವುದಿಲ್ಲ.

ಹವಾಮಾನ ಇಲಾಖೆಗೆ ಇಲ್ಲಿ ಎರಡು ಮುಖ್ಯ ಕೇಂದ್ರಗಳಿವೆ. ಒಂದು, ಮೂರು ಕಡೆ ಸಮುದ್ರವಿರುವ ದಕ್ಷಿಣ ತುದಿಯ ಕೊಲಾಬಾ. ಇನ್ನೊಂದು, ಉತ್ತರಕ್ಕೆ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ವಿಮಾನ ನಿಲ್ದಾಣದ ಬಳಿಯ ಸಾಂತಾಕ್ರೂಜ್. ನಗರದ ಅಧಿಕೃತ ಅಂಕಿಯೆಂದು ಇಂದು ಸಾಮಾನ್ಯವಾಗಿ ಓದಿ ಹೇಳುವುದು ಸಾಂತಾಕ್ರೂಜ್‌ನದನ್ನೇ.

[ದೃಶ್ಯ: ಕೊಲಾಬಾದ ಹಳೆಯ ಚಿತ್ರಗಳು]

ಹಿರಿತನ ಮಾತ್ರ ಕೊಲಾಬಾದ್ದು. ಈಸ್ಟ್ ಇಂಡಿಯಾ ಕಂಪನಿಯು 1826ರಲ್ಲಿ ನಕ್ಷತ್ರ ವೀಕ್ಷಣೆಗೂ ಹಡಗುಗಳಿಗೆ ಸರಿಯಾದ ಸಮಯ ತಿಳಿಸುವುದಕ್ಕೂ ಕಟ್ಟಿಸಿದ ಈ ವೀಕ್ಷಣಾಲಯದಲ್ಲಿ ಹವೆಯ ಮತ್ತು ಭೂಕಾಂತತೆಯ, ಅಂದರೆ ಭೂಮಿಯ ಕಾಂತಶಕ್ತಿಯ, ಅಳತೆಗಳು 1841ರಲ್ಲಿ ಆರಂಭವಾದವು. 1859ರ ಸೆಪ್ಟೆಂಬರಿನಲ್ಲಿ ಸೂರ್ಯನಿಂದ ಹೊಮ್ಮಿ ಭೂಮಿಯ ಕಾಂತಶಕ್ತಿಯನ್ನೇ ಕಲಕಿದ ಪ್ರಚಂಡ ಸೌರ ಚಂಡಮಾರುತವನ್ನು ಇಲ್ಲಿನ ಕಾಂತಸೂಚಿಗಳು ದಾಖಲಿಸಿದವು. ಮುಂದೆ ವಿದ್ಯುತ್ ಟ್ರಾಮ್ ಬರುವುದೆಂದಾದಾಗ, ಅದರಿಂದ ಸೂಚಿಗಳು ಹಾದಿ ತಪ್ಪುತ್ತವೆಂದು ಕಾಂತ ವಿಭಾಗವನ್ನು 1904ರ ಹೊತ್ತಿಗೆ ಅಲಿಬಾಗ್‌ಗೆ ಸಾಗಿಸಲಾಯಿತು. ಮಳೆಮಾಪಕ ಕೊಲಾಬಾದಲ್ಲೇ ಉಳಿಯಿತು.

[ದೃಶ್ಯ: ಮಳೆಮಾಪಕ, ಹತ್ತಿರದಿಂದ]

ಸಾಮಾನ್ಯ ಮಳೆಮಾಪಕವು ನೋಡುವುದಕ್ಕೆ ಬಹಳ ಸರಳ. ಮೇಲೆ ಆಲಿಕೆ, ಕೆಳಗೆ ನೀರು ಸೇರುವ ಪಾತ್ರೆ. ಬೆಳಗ್ಗೆ 8.30ಕ್ಕೆ ಆ ನೀರನ್ನು ಗೆರೆ ಹಾಕಿದ ಗಾಜಿನ ಅಳತೆಪಾತ್ರೆಗೆ ಸುರಿದು ಓದುತ್ತಾರೆ. ಇಲಾಖೆಯ ಮಳೆದಿನವೂ ಆ ಹೊತ್ತಿಗೇ ಮುಗಿಯುತ್ತದೆ; ಆದ್ದರಿಂದ ನಾವು 2005ರ ಜುಲೈ 26ರ ಮಳೆಯೆಂದು ನೆನಪಿಟ್ಟುಕೊಂಡದ್ದು ಪೂರ್ತಿ ಲೆಕ್ಕಕ್ಕೆ ಸಿಕ್ಕಿದ್ದು 27ರ ಬೆಳಗ್ಗೆ.

ಸಾಂತಾಕ್ರೂಜ್‌ನಲ್ಲಿ ಅಂದು ಬಿದ್ದದ್ದು 944 ಮಿಲಿಮೀಟರ್. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಚಾಳಿನ ಮನೆಗಳ ಮುಂದೆ ನೀರು ತುಂಬಿಡುವ 200 ಲೀಟರಿನ ನೀಲಿ ಡ್ರಮ್ಮನ್ನು ನೀವು ನೋಡಿರುತ್ತೀರಿ; ಹೋಟೆಲಿನ ಒಂದು ಮೇಜಿನಷ್ಟು ಜಾಗದ ಮೇಲೆ ಅಂಥ ನಾಲ್ಕೂಮುಕ್ಕಾಲು ಡ್ರಮ್ಮು ನೀರು ಸುರಿಯಿತೆಂದರೆ ಆ ಮಳೆಯ ಅಂದಾಜು ಸಿಕ್ಕೀತು. ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರ್, ಅಂದರೆ ಅರ್ಧ ಡ್ರಮ್ಮೂ ಇಲ್ಲ. ಬಹು ಎತ್ತರಕ್ಕೆ ಬೆಳೆದ ಗುಡುಗಿನ ಮೋಡಗಳು ಉಪನಗರಗಳ ಮೇಲಿನ ಕಿರಿದಾದ ಪಟ್ಟಿಯಲ್ಲೇ ಗಂಟೆಗಟ್ಟಲೆ ನಿಂತು ಸುರಿದುದರಿಂದ, ಕುರ್ಲಾ, ಕಲೀನಾ ಮುಳುಗುತ್ತಿದ್ದಾಗ ದಕ್ಷಿಣ ಮುಂಬಯಿಯ ಫೋರ್ಟ್ ಪ್ರದೇಶದ ಕಚೇರಿಯವರು ಕೊಡೆ ಹಿಡಿದು ನಿಲ್ದಾಣಕ್ಕೆ ನಡೆದರು. ರೈಲು ನಿಂತಿದೆಯೆಂದು ತಿಳಿದ ಮೇಲೆಯೇ ಅವರಿಗೆ ಸಂಗತಿ ಅರ್ಥವಾದದ್ದು. ಹಾಗೆಂದು ಕೊಲಾಬಾಕ್ಕೆ ಮಳೆಯೇ ಬಾರದೆಂದಲ್ಲ. 1974ರ ಜುಲೈ 5ರಂದು ಅಲ್ಲಿ 575 ಮಿಲಿಮೀಟರ್ ಬಿದ್ದಿತ್ತು.

ತಾಪಮಾನದಲ್ಲೂ ಇವೆರಡಕ್ಕೆ ತಾಳೆಯಾಗುವುದಿಲ್ಲ. ಸಾಂತಾಕ್ರೂಜ್‌ನ ಗರಿಷ್ಠ ದಾಖಲೆ 1952ರ ಏಪ್ರಿಲ್ 14ರ 42.2 ಡಿಗ್ರಿ, ಕನಿಷ್ಠ ದಾಖಲೆ 1962ರ ಜನವರಿಯ 7.4 ಡಿಗ್ರಿ. ಸಮುದ್ರ ಸುತ್ತುವರಿದಿರುವ ಕೊಲಾಬಾ ಇಷ್ಟು ಕಾಯುವುದೂ ಇಲ್ಲ, ಇಷ್ಟು ತಣಿಯುವುದೂ ಇಲ್ಲ.

[ದೃಶ್ಯ: ಮೇ ತಿಂಗಳ ಮಳೆ, ಮರೀನ್ ಡ್ರೈವ್]

2025ರಲ್ಲಿ, ವಾಡಿಕೆಯಂತೆ ಜೂನ್ 11ಕ್ಕೆ ಬರಬೇಕಿದ್ದ ಮುಂಗಾರು ಮೇ 26ಕ್ಕೇ ಮುಂಬಯಿಗೆ ಬಂತು. ಕೊಲಾಬಾದಲ್ಲಿ ಆ ಮೇ ತಿಂಗಳ ಮಳೆ 1918ರ 279.4 ಮಿಲಿಮೀಟರಿನ ದಾಖಲೆಯನ್ನು ಮುರಿಯಿತು. ಈ ಹೋಲಿಕೆಯನ್ನು ಕೊಲಾಬಾದ ಪುಸ್ತಕದಿಂದಲೇ ಮಾಡಬೇಕಾಯಿತು. ಸಾಂತಾಕ್ರೂಜ್‌ನ ಲೆಕ್ಕ ಅಷ್ಟು ಹಿಂದಕ್ಕೆ ಹೋಗುವುದಿಲ್ಲ.